ಹುಲಿಗೆಮ್ಮ ಚೀಲ ತೊಳೆದ ಬಾನಿ

ನಿವೃತ್ತನಾದ ಮೇಲೆ ನನ್ನ ಕಾಲಿಗೆ ಬಿಡುವು ಸಿಕ್ಕಿತು, ಬಾಯಿಗೆ ಸಿಗಲಿಲ್ಲ. ಕಂಪನಿಗೆ ಹೊಸದಾಗಿ ಸೇರಿದವರು ಸಿಂಧನೂರಿಗೆ ಬಂದಾಗೆಲ್ಲ ನಮ್ಮ ಮನೆಗೆ ಬಂದು ಚಹಾ ಕುಡಿದು, "ಸರ್, ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಚಹಾಪುಡಿಯೂ ಮುಗಿಯುತ್ತಿದೆ ಎಂದು ಮನೆಯವಳು ಗೊಣಗುತ್ತಾಳೆ. ಅದಕ್ಕೇ ಬರೆದಿಡುತ್ತಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಹುಡುಕಬೇಡಿ. ಅದು ಪೆನ್ಷನ್ ಕಾಗದದಲ್ಲಿದೆ, ಅದನ್ನು ಓದಿ ಯಾರಾದರೂ ಏನಾದರೂ ಕಲಿತದ್ದನ್ನು ನಾನು ಕಂಡಿಲ್ಲ.

ನಾನು ಮಸ್ಕಿಯವನು. ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಮಗನೂ ಗಣಿಗೆ ಇಳಿಯುವುದು ಬೇಡವೆಂದು ಲಿಂಗಸುಗೂರಿನಲ್ಲಿ ಓದಿಸಿದರು. ನಾನು ಓದು ಮುಗಿಸುವ ಹೊತ್ತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಗೆ ಹರಿಯತೊಡಗಿ ಕೆಲವು ವರ್ಷಗಳಾಗಿದ್ದವು. ಜೋಳ, ಹತ್ತಿ ಬಿಟ್ಟರೆ ಬೇರೆ ಕಾಣದಿದ್ದ ಎರೆಭೂಮಿಯಲ್ಲಿ ಜನ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಭತ್ತ ನಾಟಿ ಮಾಡುತ್ತಿದ್ದರು. ಆಂಧ್ರದ ಕಡೆಯಿಂದ ಬಂದು ಕ್ಯಾಂಪ್ ಎಂಬ ಹೊಸ ಊರು ಕಟ್ಟಿಕೊಂಡವರಿಗೆ ಭತ್ತ ಗೊತ್ತಿತ್ತು. ನಮ್ಮವರಿಗೆ ಗೊತ್ತಿರಲಿಲ್ಲ. ಭತ್ತ ಬಂದಲ್ಲಿಗೆ ಗೊಬ್ಬರ ಬರಬೇಕು. ಗೊಬ್ಬರ ತಂದದ್ದು ನಮ್ಮ ಕಂಪನಿ, ಅದರ ಬಳಕೆಯನ್ನು ಸೈಕಲ್ ಮೇಲೆ ಊರೂರಿಗೆ ತಿರುಗಿ ಹೇಳಿದವನು ನಾನು.

ಕಂಪನಿ ಬಹಳ ದೊಡ್ಡದು. ಗೊಬ್ಬರ, ಆಮ್ಲ, ಬಣ್ಣ, ಕೀಟದ ಔಷಧಿ, ಅದು ಮಾಡದೆ ಬಿಟ್ಟ ರಾಸಾಯನಿಕ ಇರಲಿಲ್ಲ. ತಮಾಷೆಯೆಂದರೆ ನಮ್ಮ ರೈತರು ಅದನ್ನು ಕಂಪನಿ ಗೊಬ್ಬರ ಎಂದು ಒಂದು ದಿನವೂ ಕರೆಯಲಿಲ್ಲ. ಚೀಲದಲ್ಲಿ ಬಂದದ್ದೆಲ್ಲ ಅವರಿಗೆ ಸರಕಾರಿ ಗೊಬ್ಬರ. ಯಾರು ಮಾಡಿದ್ದಾದರೇನು, ಪೈರು ಏಳಬೇಕು ಅಷ್ಟೇ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ತರಬೇತಿಗೆಂದು ಕಡಲ ದಂಡೆಯಲ್ಲಿದ್ದ ಕಾರ್ಖಾನೆಗೆ ಕಳಿಸಿದರು. ಆ ಕೊಳವೆಗಳು, ಆ ಗೋಪುರಗಳು, ಹಗಲಿರುಳು ನಿಲ್ಲದ ಆ ಸದ್ದು! ಗಾಳಿಯಿಂದ ಗೊಬ್ಬರ ತೆಗೆಯುತ್ತಾರೆ ಎಂದು ತಿಳಿದಾಗ ನಾನು ನಿಜವಾಗಿ ಬೆರಗಾದೆ, ಇವತ್ತಿಗೂ ಆ ಬೆರಗು ಹೋಗಿಲ್ಲ. ನಮಗೆ ಪಾಠ ಹೇಳಿದವರು ಪೆಂಡ್ಸೆ ಸಾಹೇಬರು. ನಾಗಪುರದ ಕಡೆಯವರು, ಮೂಲತಃ ರಸಾಯನಶಾಸ್ತ್ರಜ್ಞರು, ಆಮೇಲೆ ನಮ್ಮ ವಲಯದ ಮ್ಯಾನೇಜರ್ ಆದರು. ಕುಳ್ಳಗೆ, ಕಪ್ಪಗೆ, ಜೇಬಿನಲ್ಲಿ ಸದಾ ಒಂದು ಗಾಜಿನ ನಳಿಕೆ. ಹಿಂದಿಯಲ್ಲೇ ಮಾತಾಡುತ್ತಿದ್ದರು. ಕಾರ್ಖಾನೆಯ ಹಿಂಬದಿಯಲ್ಲಿ ಹಳದಿ ನೀರು ಹರಿಯುವ ಒಂದು ಚರಂಡಿ ಇತ್ತು. "ಇದು ಎಲ್ಲಿಗೆ ಹೋಗುತ್ತದೆ ಸರ್?" ಎಂದೆ. "ಹಳ್ಳಕ್ಕೆ, ಹಳ್ಳದಿಂದ ಸಮುದ್ರಕ್ಕೆ" ಎಂದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಅವರು ಹೇಳಿದ ಇನ್ನೊಂದು ಮಾತನ್ನು ಪುಸ್ತಕದಲ್ಲಿ ಬರೆದುಕೊಂಡೆ. ಒಮ್ಮೆ ಪಕ್ಕದ ಊರಿನ ಎಮ್ಮೆಗಳು ಚೀಲ ತುಂಬುವ ಅಂಗಳಕ್ಕೆ ನುಗ್ಗಿ, ಚೆಲ್ಲಿದ ಯೂರಿಯಾ ಗೊಬ್ಬರ ನೆಕ್ಕಿ, ಹೊಟ್ಟೆ ಉಬ್ಬರಿಸಿ ಬಿದ್ದವಂತೆ. "ಪೈರಿಗೆ ಅಮೃತ, ಮೆಲುಕು ಹಾಕುವ ಪ್ರಾಣಿಗೆ ವಿಷ. ಹಾಗೇನಾದರೂ ಆದರೆ ತಕ್ಷಣ ಹುಳಿ ಕುಡಿಸಬೇಕು, ತಣ್ಣೀರು ಕುಡಿಸಬೇಕು" ಎಂದರು. ಇದು ನನ್ನ ಕೈಬರಹದಲ್ಲೇ ಇತ್ತು ಎಂಬುದನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ಊರಿಗೆ ಬಂದವನು ಮೊದಲು ಮಾಡಿದ್ದೇ ಎಡವಟ್ಟು. ಮುಕ್ಕುಂದದ ದಾರಿಯಲ್ಲಿ ಒಂದು ಸಣ್ಣ ಊರು, ಹೆಸರು ಬೇಡ. ಅಲ್ಲಿನ ಗೌಡರ ಗದ್ದೆಯಲ್ಲಿ ನನ್ನ ಮೊದಲ ಪ್ರಯೋಗ. ಅರ್ಧ ಗದ್ದೆಗೆ ಗೊಬ್ಬರ ಹಾಕುವುದು, ಅರ್ಧ ಹಾಗೇ ಬಿಡುವುದು, ನಡುವೆ ಸುಣ್ಣದ ಗೆರೆ ಎಳೆದು ಹದಿನೈದು ದಿನ ಬಿಟ್ಟು ಊರವರನ್ನು ಕರೆದು ತೋರಿಸುವುದು. ಗೊಬ್ಬರ ಎರಚಿ ಹೆಮ್ಮೆಯಿಂದ ಮನೆಗೆ ಹೋದೆ. ಗದ್ದೆಯ ನೀರು ಕಟ್ಟಿ ನಿಲ್ಲಿಸಬೇಕೆಂದು ಹೇಳಲು ಮರೆತಿದ್ದೆ. ಗೌಡರ ಆಳು ಅವತ್ತೇ ಬದು ಒಡೆದು ನೀರನ್ನು ಕೆಳಗಿನ ಹೊಲಕ್ಕೆ ಬಿಟ್ಟಿದ್ದ. ಹದಿನೈದು ದಿನ ಬಿಟ್ಟು ಇಡೀ ಊರನ್ನು ಕರೆದುಕೊಂಡು ಹೋಗಿ ನೋಡಿದರೆ ಗೌಡರ ಗದ್ದೆಯ ಎರಡೂ ಅರ್ಧ ಒಂದೇ ಸಮ ಹಳದಿ. ಕೆಳಗಿನ ಹೊಲ ಮಾತ್ರ ಕಪ್ಪಗೆ ಅನ್ನುವಷ್ಟು ಹಸಿರಾಗಿ ನಿಂತಿತ್ತು.

ಆ ಕೆಳಗಿನ ಹೊಲ ಹುಲಿಗೆಮ್ಮಳದು. ಗಂಡ ತೀರಿಕೊಂಡ ಮೇಲೆ ಎರಡೆಕರೆಯನ್ನು ತಾನೇ ನಿಂತು ಮಾಡಿಸುತ್ತಿದ್ದ ಹೆಣ್ಣುಮಗಳು. ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರ ಮುಂದೆ ಕೈ ಮುಗಿದಳು.

"ಸಾಹೇಬ್ರ, ನಮ್ಮ ಹೊಲದಾಗ ಏನ್ ಆಗೇತಿ ನೋಡ್ರೀ. ನನ್ನ ಹೆಸರಿನ ದೇವಿ ಹುಲಿಗೆವ್ವ ತಾಯಿನ ಬಂದು ಅಡ್ಡಾಡಿ ಹೋಗ್ಯಾಳ ಅನ್ನಾಕತ್ತಿದ್ದೆ ನಾ."

ಗೌಡರು ನನ್ನ ಕಡೆ ನೋಡಿ, "ತಾಯಿ ಅಲ್ಲವ್ವಾ, ಈ ಸಾಹೇಬ ನನ್ನ ಗೊಬ್ಬರ ನಿನಗ ಹಾಕ್ಯಾನ" ಎಂದರು. ಊರೆಲ್ಲ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ನಡೆದದ್ದನ್ನು ಪೆಂಡ್ಸೆಯವರಿಗೆ ಬರೆದೆ. "ಪ್ರಯೋಗ ಯಶಸ್ವಿ, ಹೊಲ ಮಾತ್ರ ಬೇರೆ" ಎಂದು ಉತ್ತರ ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ, "ನಾವು ಒಂದು ಕಡೆ ಹಾಕಿದ್ದು ನೀರಿನ ಜೊತೆ ಎಲ್ಲಿಗೆ ಹೋಗುತ್ತದೆ ಎಂದು ಯಾವಾಗಲೂ ನೋಡು" ಎಂದು ಸೇರಿಸಿದ್ದರು. ಬೈಯದೆ ಕಲಿಸುವ ಮೇಲಧಿಕಾರಿ ಸಿಗುವುದು ಪುಣ್ಯ. ನನಗೆ ಸಿಕ್ಕಿದ್ದರು.

ಆ ಎಡವಟ್ಟಿನಿಂದ ನನಗೆ ಒಳ್ಳೆಯದೇ ಆಯಿತು. ಮುಂದಿನ ಬೆಳೆಗೆ ಹುಲಿಗೆಮ್ಮ ತಾನಾಗಿ ಬಂದು ಗೊಬ್ಬರ ಒಯ್ದಳು, ಆಕೆಯನ್ನು ನೋಡಿ ಊರು ಒಯ್ದಿತು. ಅಷ್ಟರಲ್ಲಿ ನಾನು ಸಾಹೇಬನಿಂದ ಅಣ್ಣನಾಗಿದ್ದೆ. ಒಂದು ದಿನ ಆಕೆ ಖಾಲಿ ಚೀಲ ಹಿಡಿದುಕೊಂಡು ಕೇಳಿದಳು.

"ಯಣ್ಣಾ, ಚೀಲ ಭಾಳ ಗಟ್ಟಿ ಐತಿ. ಕೌದಿಗೆ ಒಳಗ ಹಾಕಿ ಹೊಲದ್ರ ಬೆಚ್ಚಗಿರ್ತೈತಿ. ಬಳಸಬೌದೇನು?"

"ಧಾರಾಳ ಬಳಸವ್ವ. ಚಲೋತ್ನಾಗಿ ತೊಳಿ, ಏನೂ ಆಗಂಗಿಲ್ಲ" ಎಂದೆ.

ಆಕೆ ಹೊಲಿದ ಕೌದಿ ನೋಡಿ ನನಗೆ ಒಂದು ಯುಕ್ತಿ ಹೊಳೆಯಿತು. ಗೊಬ್ಬರ ಕೊಂಡರೆ ಕೌದಿಗೆ ಚೀಲ ಪುಕ್ಕಟೆ ಎಂದು ಊರೂರಿನ ಹೆಂಗಸರಿಗೆ ಹೇಳತೊಡಗಿದೆ. ಗಂಡಸರಿಗೆ ಪೈರು ತೋರಿಸಿ ಒಪ್ಪಿಸಲು ಒಂದು ಬೆಳೆ ಕಾಯಬೇಕಿತ್ತು, ಹೆಂಗಸರಿಗೆ ಚೀಲ ತೋರಿಸಿ ಒಪ್ಪಿಸಲು ಒಂದು ಮಧ್ಯಾಹ್ನ ಸಾಕಾಯಿತು. ಮಾರಾಟ ಏರಿತು. ಸಿಂಧನೂರಿನ ನಮ್ಮ ಏಜೆಂಟ್ ವೀರಭದ್ರಪ್ಪ ನನ್ನ ಬೆನ್ನು ತಟ್ಟಿದ, ಕಂಪನಿಯಿಂದ ಮೆಚ್ಚುಗೆಯ ಪತ್ರ ಬಂತು. ಚೀಲದ ಮೂಲೆಗಳಲ್ಲಿ ಗಟ್ಟಿಯಾಗಿ ಕುಳಿತ ಗೊಬ್ಬರ ತೊಳೆದಾಗ ಎಲ್ಲಿಗೆ ಹೋಗುತ್ತದೆ ಎಂದು ನಾನು ನೋಡಲಿಲ್ಲ. ಹೆಂಗಸರು ಕಾಲುವೆಯಲ್ಲಿ ತೊಳೆಯುತ್ತಿದ್ದರು. ಹರಿಯುವ ನೀರು ಒಯ್ಯುತ್ತಿತ್ತು, ಯಾರಿಗೂ ಏನೂ ಕಾಣಿಸಲಿಲ್ಲ.

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸುತ್ತಾರೆ. ಆ ವರ್ಷವೂ ನಿಲ್ಲಿಸಿದರು. ಕೊಯ್ಲಾದ ಗದ್ದೆಗಳಲ್ಲಿ ಕುರಿ ನಿಲ್ಲಿಸಿ ಹಿಕ್ಕೆ ಗೊಬ್ಬರ ಮಾಡಿಸಿಕೊಳ್ಳುವ ವಾಡಿಕೆ ನಮ್ಮ ಕಡೆ ಹಿಂದಿನಿಂದ ಇದೆ. ಮಾಳಪ್ಪ ಎಂಬ ಕುರಿಗಾರ ಲಿಂಗಸುಗೂರಿನ ಕಡೆಯಿಂದ ಪ್ರತಿವರ್ಷ ಬರುತ್ತಿದ್ದ. ನನ್ನನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. "ಚೀಲದಾಗಿನ ಗೊಬ್ಬರ ಬಂದು ನನ್ನ ಕುರಿ ಹೊಟ್ಟಿ ಮ್ಯಾಲೆ ಕಾಲಿಟ್ಟೈತ್ರೀ" ಎನ್ನುತ್ತಿದ್ದ. ಹಿಕ್ಕೆ ಹಾಕಿದ ಮೇಲೂ ನಮ್ಮದು ಬೇಕಾಗುತ್ತದೆ, ನಮ್ಮದು ಹಾಕಿದ ಮೇಲೂ ಹಿಕ್ಕೆ ಬೇಕಾಗುತ್ತದೆ ಎಂದು ನಾನು ವಾದಿಸುತ್ತಿದ್ದೆ. ಈ ಮಾತನ್ನು ಈಗಲೂ ನಂಬುತ್ತೇನೆ.

ಆ ದಿನ ಬೆಳಿಗ್ಗೆ ಹುಲಿಗೆಮ್ಮ ಐದಾರು ಚೀಲ ತೊಳೆಯಲು ತಂದಳು. ಕಾಲುವೆ ಒಣಗಿತ್ತು. ಬಾವಿಯ ಪಕ್ಕದಲ್ಲಿ ದನಕರು ನೀರು ಕುಡಿಯುವ ಕಲ್ಲಿನ ಬಾನಿ ಇತ್ತು. ನೀರು ಸೇದಿ ಬಾನಿ ತುಂಬಿಸಿ, ಚೀಲಗಳನ್ನು ಅದ್ದಿ, ಮೂಲೆಯ ಗಟ್ಟಿ ಕರಗಲೆಂದು ತುಳಿದು, ಹಿಂಡಿ, ಬೇಲಿಯ ಮೇಲೆ ಒಣಹಾಕಿದಳು. ಬಾನಿಯ ನೀರು ನೋಡಲು ತಿಳಿಯಾಗಿತ್ತು. ಅದನ್ನು ಚೆಲ್ಲುವುದೇಕೆ, ದನ ಕುಡಿಯಲಿ ಎಂದು ಹಾಗೇ ಬಿಟ್ಟು ಉಣ್ಣಲು ಮನೆಗೆ ಹೋದಳು. ನೀರಿನ ಬೆಲೆ ಬಲ್ಲವಳು ಮಾತ್ರ ಮಾಡುವ ತಪ್ಪು ಅದು.

ಬಿಸಿಲು ನೆತ್ತಿಗೇರಿದಾಗ ಮಾಳಪ್ಪನ ಹಿಂಡು ಬಾಯಾರಿ ಬಂದು ಬಾನಿಗೆ ಮುಗಿಬಿತ್ತು. ನಾನು ಗೌಡರ ಕಟ್ಟೆಯ ಮೇಲೆ ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಮಾಳಪ್ಪನ ಕೂಗು ಕೇಳಿ ಓಡಿದೆವು. ಕುರಿಗಳು ನಡುಗುತ್ತಿದ್ದವು. ಹೊಟ್ಟೆ ಊದಿಕೊಂಡು, ಬಾಯಲ್ಲಿ ನೊರೆ ಬಂದು, ಒಂದೊಂದೇ ಕಾಲು ಮಡಚಿ ಬೀಳುತ್ತಿದ್ದವು. ಬೇಲಿಯ ಮೇಲಿನ ಚೀಲ ನೋಡಿದೆ, ಬಾನಿ ನೋಡಿದೆ. ಕಾರ್ಖಾನೆಯ ಎಮ್ಮೆಗಳು ನೆನಪಿಗೆ ಬಂದವು. 

"ಹುಣಸಿಹಣ್ಣು ತರ್ರೀ! ಹುಳಿ ಕಿವುಚಿ ನೀರು ಮಾಡ್ರೀ! ಯಾರ ಮನ್ಯಾಗ ಎಷ್ಟೈತೋ ಅಷ್ಟೂ ತರ್ರೀ!" ಎಂದು ಕೂಗಿದೆ. ಅವತ್ತು ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಹೆಂಗಸರು ಗಡಿಗೆಗಟ್ಟಲೆ ಹುಣಸೆ ನೀರು ತಂದರು. ಎತ್ತಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟಗಳು ಮನೆಮನೆಯಿಂದ ಬಂದವು. ಕುರಿಯ ಬಾಯಿ ಎತ್ತಿ ಹಿಡಿದು ಗೊಟ್ಟದಿಂದ ಹುಯ್ಯುವುದೇ ಹುಯ್ಯುವುದು. ಎಲ್ಲರಿಗಿಂತ ಹೆಚ್ಚು ಕುರಿಗಳಿಗೆ ಕುಡಿಸಿದವಳು ಹುಲಿಗೆಮ್ಮ. ಮೊಣಕೈವರೆಗೆ ಹುಳಿ, ಕಣ್ಣಲ್ಲಿ ನೀರು. ಹೊತ್ತು ಇಳಿಯುವ ಹೊತ್ತಿಗೆ ಹಿಂಡಿನ ಬಹುಪಾಲು ಎದ್ದು ನಿಂತಿತು. ಹದಿನಾಲ್ಕು ಏಳಲಿಲ್ಲ.

ಆಗ ಮಾಳಪ್ಪ ಬಾನಿಯ ಹತ್ತಿರ ಹೋಗಿ ಕೇಳಿದ. "ಇದರಾಗ ಚೀಲ ತೊಳದಾಕಿ ಯಾವಾಕಿ?"

ಎಲ್ಲರೂ ಹುಲಿಗೆಮ್ಮಳ ಕಡೆ ತಿರುಗಿದರು. ಆಕೆ ನನ್ನ ಕಡೆ ತಿರುಗಿದಳು. ನಾನು ಕೆಳಗೆ ನೋಡಿದೆ.

ನನ್ನ ವೃತ್ತಿಯಲ್ಲಿ ಇದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ನೌಕರಿ ಹೋದರೆ ಅಪ್ಪ ಏನೆನ್ನುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು. ಸಿಂಧನೂರಿಗೆ ಹೋದಾಗ ವೀರಭದ್ರಪ್ಪ ಅದಕ್ಕೆ ಸರಿಯಾಗಿ ಹೇಳಿದ. "ನೀವು ಬಾಯಿ ಬಿಡಬ್ಯಾಡ್ರೀ ಸಾಹೇಬ್ರ. ಚೀಲ ಆಕಿ ತೊಳದಾಳ, ನೀರು ಆಕಿ ಬಿಟ್ಟಾಳ. ನಮಗೇನು ಸಂಬಂಧ?" ಹಾಗೇ ಬರೆದೆ. 'ಒಬ್ಬ ಮಹಿಳೆಯ ಅಜಾಗರೂಕತೆಯಿಂದ' ಎಂದು ಚೆಂದದ ಅಕ್ಷರದಲ್ಲಿ ವರದಿ ಬರೆದು ಅಂಚೆಗೆ ಹಾಕಿದೆ.

ಎಂಟು ದಿನಕ್ಕೆ ಪೆಂಡ್ಸೆಯವರು ಬಂದರು. ವರದಿ ಓದಿದವರೇ ರೈಲು ಹತ್ತಿದ್ದರು. ರಾಯಚೂರಿನಿಂದ ಬಸ್ಸಿನಲ್ಲಿ ಬಂದು ಇಳಿದು, ಮುಖ ತೊಳೆಯದೆ, "ಚೀಲ ತೊಳೆಯಲು ಆಕೆಗೆ ಹೇಳಿದವರು ಯಾರು?" ಎಂದು ಕೇಳಿದರು. ನನ್ನ ಮೆಚ್ಚುಗೆಯ ಪತ್ರದ ನಕಲು ಅವರ ಕೈಯಲ್ಲಿತ್ತು. ಅದರಲ್ಲೇ ಚೀಲದ ಯುಕ್ತಿಯನ್ನು ಹೊಗಳಿದ್ದರಲ್ಲ. ನಾನು ಎಲ್ಲ ಹೇಳಿದೆ, ನೌಕರಿಯಿಂದ ತೆಗೆಯಿರಿ ಎಂದೂ ಹೇಳಿದೆ.

"ತೆಗೆದರೆ ನಿನಗೆ ಸುಲಭವಾಗುತ್ತದೆ" ಎಂದರು. "ಈ ಪತ್ರಕ್ಕೆ ಸಹಿ ಹಾಕಿದವನು ನಾನು. ಯೂರಿಯಾ ಏನು ಮಾಡುತ್ತದೆ ಎಂದು ನಿನಗಿಂತ ಮೊದಲೇ ಬಲ್ಲವನೂ ನಾನು. ನನಗೆ ಹೇಳಿದ್ದು ಸಾಲದು. ನಡೆ, ಆಕೆಗೆ ಹೇಳು."

ಊರಿಗೆ ಹೋದೆವು. ಬಾವಿಯ ಹತ್ತಿರ ಜನ ಕೂಡಿದರು, ಮಾಳಪ್ಪನೂ ಬಂದ. ಹುಲಿಗೆಮ್ಮ ದೂರದಲ್ಲಿ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಪೆಂಡ್ಸೆಯವರು ಹಿಂದಿಯಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಹೇಳುವುದು. "ಚೀಲ ನಮ್ಮದು. ಅದರಲ್ಲಿ ಏನಿದೆ ಎಂದು ಓದು ಬಾರದವರಿಗೆ ತಿಳಿಯುವ ಹಾಗೆ ನಾವು ಒಂದು ಗುರುತನ್ನೂ ಹಾಕಲಿಲ್ಲ. ತಪ್ಪು ಕಂಪನಿಯದು" ಎಂದರು. ಅಷ್ಟು ದೊಡ್ಡ ಕಂಪನಿಯ ಅಧಿಕಾರಿ ಕುರಿಗಾರನ ಮುಂದೆ ಕೈಮುಗಿದು ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ಹೆಚ್ಚು ನೋಡಲಿಲ್ಲ. ಮಾತನ್ನು ಇಲ್ಲಿಗೆ ನಿಲ್ಲಿಸಿಬಿಡಲೇ ಎಂದು ಒಂದು ಕ್ಷಣ ಅನಿಸಿತು. ಕಂಪನಿ ಅಂದರೆ ಯಾರೂ ಅಲ್ಲವಲ್ಲ. ಪೆಂಡ್ಸೆಯವರು ಸುಮ್ಮನೆ ನನ್ನ ಮುಖ ನೋಡುತ್ತಿದ್ದರು.

"ಕಂಪನಿ ಅಂದ್ರ ಇಲ್ಲಿ ನಾನು" ಎಂದೆ. "ತೊಳಿ, ಏನೂ ಆಗಂಗಿಲ್ಲ ಅಂತ ಹುಲಿಗೆಮ್ಮಗ ಹೇಳಿದಾಂವ ನಾನು. ಅದು ಕುರಿಗೆ ವಿಷ ಅಂತ ನನಗ ಗೊತ್ತಿತ್ತು. ಆಕಿಗೆ ಗೊತ್ತಿರಲಿಲ್ಲ. ಆಕಿ ತಪ್ಪು ಏನೇನೂ ಇಲ್ಲ."

 ಮಾಳಪ್ಪ ಮುಂದೆ ಬಂದು, "ಚೀಲದ ಮ್ಯಾಲೆ ಏನರ ಬರೀರಿ ಅಂದ್ರ ನೀವು ಅಕ್ಷರ ಬರೀತೀರಿ. ನನಗ ಓದಾಕ ಬರಂಗಿಲ್ಲ. ಇದನ್ನ ಬರೀರಿ" ಎಂದು ಒಲೆಯ ಇದ್ದಿಲು ತರಿಸಿ, ಖಾಲಿ ಚೀಲವೊಂದರ ಮೇಲೆ ಕಾಲು ಮೇಲೆ ಮಾಡಿ ಬಿದ್ದ ಕುರಿಯೊಂದನ್ನು ಗೀಚಿದ. ಪೆಂಡ್ಸೆಯವರು ಆ ಚೀಲವನ್ನು ಮಡಚಿ ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು.

ಮುಂದಿನ ಹಂಗಾಮಿನ ಚೀಲಗಳ ಮೇಲೆ ಬಿದ್ದ ಕುರಿಯ ಚಿತ್ರ ಕೆಂಪು ಬಣ್ಣದಲ್ಲಿ ಬಂತು. ಮಾರಾಟ ವಿಭಾಗದವರು ಅಪಶಕುನ ಎಂದು ಕುಣಿದಾಡಿದರಂತೆ, ಪೆಂಡ್ಸೆ ಬಗ್ಗಲಿಲ್ಲ. ಸತ್ತ ಹದಿನಾಲ್ಕರ ಬದಲಿಗೆ ಹದಿನಾಲ್ಕು ಕುರಿಗಳನ್ನು ಮಾಳಪ್ಪನೇ ಆರಿಸಿದ, ಕಂಪನಿ ಕೊಡಿಸಿತು. ಖಾಲಿ ಚೀಲ ವಾಪಸ್ ಪಡೆಯುವ ಪದ್ಧತಿ ಬಂತು, ಬದಲಿಗೆ ಹೊಸ ಗೋಣಿತಟ್ಟು ಕೊಡುತ್ತಿದ್ದೆವು. ಕೆಲವು ವರ್ಷಗಳ ಮೇಲೆ ಮತ್ತೆ ಕಾರ್ಖಾನೆಗೆ ಹೋದಾಗ ಹಳದಿ ನೀರಿನ ಆ ಚರಂಡಿ ಹಳ್ಳಕ್ಕೆ ಹೋಗುತ್ತಿರಲಿಲ್ಲ. ಕಲ್ಲು ಕಟ್ಟಿದ ಹೊಂಡಗಳಲ್ಲಿ ನೀರನ್ನು ನಿಲ್ಲಿಸಿ, ತಿಳಿಯಾಗಿಸಿ, ಪರೀಕ್ಷಿಸಿದ ಮೇಲೆ ಹೊರಗೆ ಬಿಡುತ್ತಿದ್ದರು. ಹಳ್ಳದ ದಂಡೆಯ ಜನ ಅದಕ್ಕೂ ಮೊದಲೇ ಎಷ್ಟೋ ಸಲ ದೂರು ಕೊಟ್ಟಿದ್ದರು, ಯಾರೂ ಕೇಳಿರಲಿಲ್ಲ ಎಂಬುದನ್ನೂ ಬರೆಯಲೇಬೇಕು. ಆದರೂ ನಾನು ಆ ಕಂಪನಿಯ ಅನ್ನ ಉಂಡದ್ದಕ್ಕೆ ನಾಚಿಕೊಳ್ಳುವುದಿಲ್ಲ. ಅದು ಈ ಸೀಮೆಯ ಕಣಜ ತುಂಬಿಸಿತು. ತಪ್ಪು ತನ್ನದೆಂದು ಬಾಯಿ ಬಿಟ್ಟು ಹೇಳಬಲ್ಲ ಒಬ್ಬರಾದರೂ ಅದರಲ್ಲಿದ್ದರು.

ಹೊಸಬರಿಗೆ ಹೇಳುವುದು ಇಷ್ಟೇ. ತಪ್ಪಾಗುತ್ತದೆ. ಆದ ದಿನವೇ ಹೇಳಿ, ನೊಂದವರಿಗೇ ಹೇಳಿ. ಎಂಟು ದಿನ ತಡ ಮಾಡಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಆ ಬಾವಿಯ ಹತ್ತಿರ. ಬರೆಯಲು ಮನಸ್ಸಿಲ್ಲದೆ ಇಷ್ಟು ಹೊತ್ತು ಮುಂದೂಡಿದೆ.

ಅವತ್ತು ನನ್ನ ಮಾತು ಮುಗಿದು, ಇದ್ದಿಲಿನ ಚಿತ್ರವೂ ಮುಗಿದು, ಜನ ಚದುರತೊಡಗಿದಾಗ ನಾನು ಹುಲಿಗೆಮ್ಮಳ ಹತ್ತಿರ ಹೋದೆ. ಆಕೆಯ ತುಟಿ ಒಡೆದಿತ್ತು. ಕೊಡದ ತಳಕ್ಕೆ ಕಾಲುವೆಯ ಕೆಸರು ಮೆತ್ತಿತ್ತು.

"ಕುರಿಗೆ ವಿಷ ಹಾಕಿದಾಕಿ ಅಂತ ಊರವರು ಬಾವಿ ಮುಟ್ಟಬ್ಯಾಡ ಅಂದಿದ್ರು" ಎಂದಳು. "ಒಣಗಿದ ಕಾಲುವಿ ಗುಂಡ್ಯಾಗ ನಿಂತ ರಾಡಿ ನೀರು ತಂದು ಸೋಸಿ ಕುಡದೀನಿ. ಎಂಟ್ ದಿನ. ಅವತ್ತ ಈ ಮಾತು ಹೇಳಿದ್ದಿದ್ರ, ಬಾವಿ ನೀರು ಕುಡೀತಿದ್ದೆ ಸಾಹೇಬ್ರ."

ಅಣ್ಣಾ ಎನ್ನಲಿಲ್ಲ. ಆಮೇಲೂ ಎಂದೂ ಅನ್ನಲಿಲ್ಲ. ಕೊಡ ಹಿಡಿದು ಬಾವಿಯ ಕಡೆ ನಡೆದಳು. ಮಾಳಪ್ಪ ಹಗ್ಗ ಹಿಡಿದು ಆಕೆಗೆ ನೀರು ಸೇದಿ ಕೊಟ್ಟ.